ದಾವಣಿ ಎಲ್ಲಿ ಕಟ್ಟೋದು?

ಮೊನ್ನೆ ಭಾನುವಾರ ದಾವಣಗೆರೆಯ ಒಂದು ಕಾಲೇಜಿನ ಸಭಾಂಗಣದಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಮೈಕು ಎರಡು ಸಲ ಕೈಕೊಟ್ಟಿತು, ಮಧ್ಯದಲ್ಲಿ ಕರೆಂಟೂ ಹೋಯಿತು, ಹಿಂದಿನ ಸಾಲಿನವರಿಗೆ ಅರ್ಧಕ್ಕರ್ಧ ಕೇಳಿಸಿಲ್ಲ. ಆಡಿದ ಹಾಗೇ ಬರೆಯಲು ನೋಡಿದ್ದೇನೆ. ಅಲ್ಲಿ ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಸರ್ ನನ್ನನ್ನು "ವಿದೇಶದಲ್ಲಿ ಕುದುರೆ ರೇಸ್ ಓಡಿಸಿ ಬಂದವರು" ಅಂದರು. ಮೊದಲು ಅದನ್ನು ಸರಿ ಮಾಡಿಬಿಡುತ್ತೇನೆ. ರೇಸೇ ಬೇರೆ, ಇದೇ ಬೇರೆ. ನಾನು ಹೋಗಿದ್ದು ಈವೆಂಟಿಂಗ್ ಅನ್ನುವ ಆಟದ ಬೆನ್ನು ಹತ್ತಿ.

ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳದಲ್ಲಿ ಕುದುರೆ ಹೇಳಿದ ಹಾಗೆ ನಡೆಯಬೇಕು, ತಿರುಗಬೇಕು, ಅಲುಗದೆ ನಿಲ್ಲಬೇಕು. ನೋಡುವವರಿಗೆ ಆಕಳಿಕೆ, ಮಾಡುವವರಿಗೆ ಬೆವರು. ಎರಡನೆಯದು ಕ್ರಾಸ್ ಕಂಟ್ರಿ. ಹುಲ್ಲುಗಾವಲು, ತೋಪು, ನೀರಿನ ಹೊಂಡ, ದಿಬ್ಬ ಎಲ್ಲ ದಾಟಿಕೊಂಡು ದಪ್ಪ ದಪ್ಪ ದಿಮ್ಮಿ ಹಾರಿಕೊಂಡು ಓಡಬೇಕು. ಆ ದಿಮ್ಮಿಗಳು ಹೆಚ್ಚಿನವು ಕಾಲು ತಗುಲಿದರೆ ಉರುಳುವಂಥವಲ್ಲ, ಉರುಳುವುದು ನಾವೇ. ಮೂರನೆಯದು ಶೋ ಜಂಪಿಂಗ್, ಮುಟ್ಟಿದರೆ ಬೀಳುವ ಬಣ್ಣದ ಕಂಬಗಳ ಮೇಲೆ. ನಿನ್ನೆ ಹುಚ್ಚು ಹಿಡಿದ ಹಾಗೆ ಓಡಿದ ಕುದುರೆ ಇವತ್ತು ಕಂಬ ಮುಟ್ಟದ ಹಾಗೆ ಕಾಲು ಮಡಚಬೇಕು. ಮೊದಲು ಇದು ಸೈನ್ಯದವರ ಕುದುರೆ ಪರೀಕ್ಷೆಯಾಗಿತ್ತು. ಒಲಿಂಪಿಕ್ಸ್‌ಗೆ ಬಂದಿದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಹೆಂಗಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 1964ರಲ್ಲಿ.

ಸೈನ್ಯದ ಕುದುರೆ ಅಂದಾಗ ನಮ್ಮ ಊರಿನ ಹೆಸರು ನೆನಪಾಗುತ್ತದೆ. ದಾವಣಿ ಅಂದರೆ ದನ, ಕುದುರೆ ಸಾಲಾಗಿ ಕಟ್ಟುವ ಹಗ್ಗ ಅಂತ ಇಲ್ಲಿರುವ ಹಿರಿಯರಿಗೆ ಗೊತ್ತು. ಆನಗೋಡಿನ ಕಡೆಯಿಂದ ದಣಿದು ಬಂದ ಸೈನಿಕರು ಇಲ್ಲಿನ ಕೆರೆ ಹತ್ತಿರ ಕುದುರೆಗಳನ್ನು ಕಟ್ಟಿ ನೀರು ಕುಡಿಸುತ್ತಿದ್ದರು, ಹಾಗಾಗಿ ದಾವಣಿಕೆರೆ, ದಾವಣಗೆರೆ ಅಂತ ನಮ್ಮಜ್ಜ ಹೇಳುತ್ತಿದ್ದ. ಬೇರೆ ಕತೆಗಳೂ ಇವೆ, ನಾನು ಅಜ್ಜನ ಕಡೆಯವಳು. ಅವನು ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದವನು. ಇವತ್ತು ನಾನು ಹೇಳಬೇಕೆಂದಿರುವುದೂ ಆ ಹಗ್ಗದ ವಿಷಯವೇ. ಈ ಆಟದಲ್ಲಿ ಸವಾರ ತನಗೆ ಎಲ್ಲಿ ಬೇಕೋ ಅಲ್ಲಿ ಮನೆ ಮಾಡಲು ಆಗುವುದಿಲ್ಲ. ಕುದುರೆಯ ದಾವಣಿ ಎಲ್ಲಿ ಕಟ್ಟಲು ಸಾಧ್ಯವೋ ಅಲ್ಲಿ ಹೋಗಿ ಇರಬೇಕು.

ನಾನು ಹೆಬ್ಬಾಳದಲ್ಲಿ ವೆಟರ್ನರಿ ಓದಿದವಳು. ಅಲ್ಲಿ ಎನ್‌ಸಿಸಿಯ ಕುದುರೆ ಘಟಕ ಇದೆ. ಸವಾರಿ ಕಲಿತಿದ್ದು ಅಲ್ಲೇ, ಬೆಳಿಗ್ಗೆ ಐದೂವರೆಗೆ, ಬಿದ್ದು ಎದ್ದು. ಆಮೇಲೆ ಬೆಂಗಳೂರಿನ ಒಂದು ಸವಾರಿ ಶಾಲೆಯಲ್ಲಿ ಕೆಲಸ. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದರು. ಈವೆಂಟಿಂಗ್‌ನಲ್ಲಿ ನಮಗೆ ವೈಯಕ್ತಿಕ ಪದಕ ಬಂದು 36 ವರ್ಷ ಆಗಿತ್ತು. 1982ರ ದೆಹಲಿ ಗೇಮ್ಸ್‌ನಲ್ಲಿ ರಘುಬೀರ್ ಸಿಂಗ್ ಚಿನ್ನ ಗೆದ್ದಿದ್ದರು, ಬೆಳ್ಳಿ ಕಂಚು ಕೂಡ ನಮ್ಮವರದೇ. ಆ ಮೂವರ ಆಟ ನಡೆದಿದ್ದು ನಮ್ಮ ನೆಲದಲ್ಲಿ. ಫವಾದ್ ಬೆಳ್ಳಿ ತಂದ ಕುದುರೆ ಸೆನ್ಯೂರ್ ಮೆಡಿಕಾಟ್ ಇದ್ದಿದ್ದು ಜರ್ಮನಿಯಲ್ಲಿ. ಮೊದಲು ಅದನ್ನು ಓಡಿಸುತ್ತಿದ್ದವರು ಜರ್ಮನಿಯ ಬೆಟಿನಾ ಹೋಯ್, ಫವಾದ್ ಅವರ ಹತ್ತಿರವೇ ಹೋಗಿ ಕಲಿತರು. ಕುದುರೆ ಕೊಡಿಸಿದ್ದು ಬೆಂಗಳೂರಿನ ಎಂಬಸಿ ಗ್ರೂಪ್ ಅನ್ನುವ ಕಂಪನಿಯವರು. ಆ ಬೆಳ್ಳಿಯ ಹಿಂದೆ ಸವಾರ, ಕುದುರೆ, ಗುರು, ದುಡ್ಡು ಕೊಡುವವರು ಅಂತ ನಾಲ್ಕು ಕಾಲು ಇದ್ದವು ಅನ್ನುವುದು ನನಗೆ ಆಗ ಕಾಣಿಸಲಿಲ್ಲ. ಕಂಡಿದ್ದು ಸವಾರ ಮಾತ್ರ.

ಜರ್ಮನಿಗೆ ಹೋಗುತ್ತೇನೆ ಅಂದಾಗ ಮನೆಯಲ್ಲಿ ಏನಾಗಿರಬಹುದು ಊಹಿಸಿ. ನಮ್ಮಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿದವರು, ಲೆಕ್ಕ ಬಿಟ್ಟು ಮಾತಾಡುವವರಲ್ಲ.

"ಅಲ್ಲಿ ಏನು ಕೆಲಸ?"

"ಕುದುರೆ ಲಾಯದಲ್ಲಪ್ಪಾ."

"ಡಾಕ್ಟ್ರು ಓದಿ ಲದ್ದಿ ಬಾಚಾಕೆ ಜರ್ಮನಿಗೆ ಹೋಗ್ಬೇಕೇನವ್ವಾ? ಅದು ಇಲ್ಲೂ ಸಿಗ್ತತಲ್ಲ."

ಉತ್ತರ ಇರಲಿಲ್ಲ. ಈಗ ಇದೆ, ಅದನ್ನೇ ಹೇಳುತ್ತೇನೆ.

ಒಂದನೆಯ ಕಾರಣ, ಸ್ಪರ್ಧೆ. ನಮ್ಮಲ್ಲಿ ಈವೆಂಟಿಂಗ್ ಸ್ಪರ್ಧೆಗಳು ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ಸೈನ್ಯದ ಕೇಂದ್ರಗಳ ಸುತ್ತಮುತ್ತ. ಅಲ್ಲಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಯಾವ ವಾರ ನೋಡಿದರೂ ಟ್ರಕ್ಕಿನಲ್ಲಿ ಮುಟ್ಟುವಷ್ಟು ದೂರದಲ್ಲಿ ಒಂದಲ್ಲ ಒಂದು ಸ್ಪರ್ಧೆ. ಈ ಆಟದಲ್ಲಿ ಒಂದು ಸ್ಟಾರ್‌ನಿಂದ ಐದು ಸ್ಟಾರ್‌ವರೆಗೆ ಮೆಟ್ಟಿಲುಗಳಿವೆ. ನಾಲ್ಕು, ಐದು ಸ್ಟಾರ್‌ನಲ್ಲಿ ಕ್ರಾಸ್ ಕಂಟ್ರಿ ದಿಮ್ಮಿ 1.20 ಮೀಟರ್ ಎತ್ತರ, ವೇಗ ನಿಮಿಷಕ್ಕೆ 570 ಮೀಟರ್. ಮೆಟ್ಟಿಲು ಹಾರಿ ಹೋಗುವಂತಿಲ್ಲ. ಪ್ರತಿ ಮಟ್ಟದಲ್ಲೂ ಇಷ್ಟರೊಳಗೆ ಮುಗಿಸಿದ್ದೀರಿ ಅಂತ ಅರ್ಹತೆಯ ಫಲಿತಾಂಶ ಬೇಕು. ಡ್ರೆಸಾಜ್‌ನಲ್ಲಿ ದಂಡ, ಅಂದರೆ ನೂರರಲ್ಲಿ ಕಳಕೊಂಡ ಅಂಕ, 45 ದಾಟಬಾರದು, ಕ್ರಾಸ್ ಕಂಟ್ರಿಯಲ್ಲಿ ಕುದುರೆ ಎಲ್ಲೂ ಹಾರಲು ನಿರಾಕರಿಸಬಾರದು, ಹೀಗೆ. ಹೊಸಬರು ಇದನ್ನು ಅದೇ ಕುದುರೆಯ ಮೇಲೆ ಗಳಿಸಬೇಕು. ಕುದುರೆ ಬದಲಾದರೆ ಮತ್ತೆ ಅ ಆ ಇ ಈ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎರಡನೆಯದು ರೋಗ. ಇದನ್ನು ಯಾರೂ ಮಾತಾಡುವುದಿಲ್ಲ, ನಾನು ವೆಟ್ ಆಗಿರುವುದರಿಂದ ಬಿಡುವುದಿಲ್ಲ. ಕುದುರೆ ದೇಶ ದಾಟುವಾಗ ಮೈಯಲ್ಲಿ ಏನು ಹೊತ್ತು ತರುತ್ತದೋ ಅನ್ನುವ ಭಯ ಎಲ್ಲ ದೇಶಕ್ಕೂ ಇದೆ. 1956ರ ಒಲಿಂಪಿಕ್ಸ್ ಮೆಲ್ಬೋರ್ನ್‌ನಲ್ಲಿ, ಆದರೆ ಕುದುರೆ ಸ್ಪರ್ಧೆಗಳು ಮಾತ್ರ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನು ಹೊರಗಿನ ಕುದುರೆಗಳನ್ನು ಬಿಟ್ಟುಕೊಳ್ಳಲಿಲ್ಲ, ಅಷ್ಟೆ. 2008ರಲ್ಲೂ ಬೀಜಿಂಗ್ ಬಿಟ್ಟು ಹಾಂಗ್‌ಕಾಂಗ್‌ನಲ್ಲಿ ಮಾಡಿದರು. ಒಲಿಂಪಿಕ್ಸ್ ಅಂಥ ಒಲಿಂಪಿಕ್ಸೇ ಜಾಗ ಬಿಟ್ಟಿತು, ನಮ್ಮ ನಿಮ್ಮ ಮಾತೆಲ್ಲಿ! ನಮ್ಮಲ್ಲಿ ಗ್ಲಾಂಡರ್ಸ್ ಅಂತ ಒಂದು ಕಾಯಿಲೆ ಆಗಾಗ ತಲೆ ಎತ್ತುತ್ತದೆ, ಕುದುರೆ, ಕತ್ತೆ, ಹೇಸರಗತ್ತೆಗಳಲ್ಲಿ, ಮನುಷ್ಯರಿಗೂ ಹರಡುವಂಥದ್ದು. ಹಾಗಾಗಿ ಬೆಂಗಳೂರಿನಲ್ಲಿ ತಯಾರಾದ ಕುದುರೆಯನ್ನು ನೇರ ಯುರೋಪಿಗೆ ಒಯ್ದು ಓಡಿಸುತ್ತೇನೆ ಅನ್ನುವ ದಾರಿ ಬಹಳ ಕಾಲದಿಂದ ಮುಚ್ಚಿದ ಹಾಗೇ ಇತ್ತು. 2025ರ ಜುಲೈನಲ್ಲಿ ಮೀರತ್‌ನ ಸೈನ್ಯದ ಕುದುರೆ ಕೇಂದ್ರಕ್ಕೆ ರೋಗಮುಕ್ತ ತಾಣ ಅಂತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿದೆ. ದೇಶಕ್ಕೇ ಮೊದಲನೆಯದು. ಬಾಗಿಲು ಸಂದಿ ಬಿಟ್ಟಿದೆ ಅನ್ನಬಹುದು. ಆದರೂ ಇವತ್ತಿನ ಮಟ್ಟಿಗೆ ಲೆಕ್ಕ ಅದೇ. ಕುದುರೆ ಅಲ್ಲೇ ಕೊಳ್ಳಬೇಕು, ಅಲ್ಲೇ ಕಟ್ಟಬೇಕು, ನಾವೂ ಅಲ್ಲೇ ಇರಬೇಕು.

ಇದು ನಮ್ಮೊಬ್ಬರ ಕತೆಯಲ್ಲ. ನ್ಯೂಜಿಲೆಂಡಿನ ಮಾರ್ಕ್ ಟಾಡ್ 1980ರಲ್ಲಿ ಇಂಗ್ಲೆಂಡಿನ ಬ್ಯಾಡ್ಮಿಂಟನ್‌ಗೆ ಬಂದು ಮೊದಲ ಸಲಕ್ಕೇ ಗೆದ್ದರು. (ಬ್ಯಾಡ್ಮಿಂಟನ್ ಒಂದು ಊರು. ರಾಕೆಟ್ಟು ಕಾಕು ಬೇಡ.) ಆಮೇಲೆ ಚಾರಿಸ್ಮಾ ಅನ್ನುವ ಗಿಡ್ಡ ಕುದುರೆ ಮೇಲೆ 1984, 1988 ಎರಡರಲ್ಲೂ ಒಲಿಂಪಿಕ್ ಚಿನ್ನ. ಅವರ ದೇಶದಿಂದ ಎಷ್ಟೋ ಸವಾರರು ಆಮೇಲೆ ಅದೇ ದಾರಿ ಹಿಡಿದು ಇಂಗ್ಲೆಂಡಿನಲ್ಲಿ ನೆಲೆ ನಿಂತರು. ಜಪಾನಿನವರನ್ನು ನೋಡಿ. 1932ರಲ್ಲಿ ನಿಶಿ ಅನ್ನುವ ಸೈನ್ಯಾಧಿಕಾರಿ ಚಿನ್ನ ಗೆದ್ದ ಮೇಲೆ ಕುದುರೆ ಆಟದಲ್ಲಿ ಅವರಿಗೆ ಒಲಿಂಪಿಕ್ ಪದಕವೇ ಬಂದಿರಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಈವೆಂಟಿಂಗ್ ತಂಡಕ್ಕೆ ಕಂಚು ಬಂತು, 92 ವರ್ಷ ಆದ ಮೇಲೆ. ಆ ತಂಡದವರು ವರ್ಷಗಟ್ಟಲೆ ಯುರೋಪಿನಲ್ಲಿ ಇದ್ದು ಆಡಿದವರು, ಸರಾಸರಿ ವಯಸ್ಸು ನಲವತ್ತರ ಮೇಲೆ. ಇಲ್ಲಿ ಮೂವತ್ತಾಯಿತು ಇನ್ನೇನು ಮಾಡೋದು ಅಂತ ಕೂತವರಿಗೆ ಹೇಳುತ್ತಿದ್ದೇನೆ.

2021ರ ಆಗಸ್ಟ್ 1, ಭಾನುವಾರ. ನನ್ನ ವೀಸಾ ಕೈಗೆ ಬಂದಿತ್ತು. ಬೆಳಗಿನ ಜಾವ ಎದ್ದು ಮಾಳಿಗೆ ಮೇಲೆ ಕೂತು ಫೋನಿನಲ್ಲಿ ಟೋಕಿಯೋದ ಕ್ರಾಸ್ ಕಂಟ್ರಿ ನೋಡಿದೆ. ಫವಾದ್ ಡ್ರೆಸಾಜ್‌ನಲ್ಲಿ 28 ದಂಡ ಅಂಕ ಪಡೆದಿದ್ದರು. ಅಂದರೆ ತೀರ್ಪುಗಾರರು ನೂರಕ್ಕೆ 72 ಕೊಟ್ಟಿದ್ದರು, ಉಳಿದಿದ್ದು ದಂಡ. ಈ ಆಟದಲ್ಲಿ ಕಮ್ಮಿ ಇದ್ದವರು ಗೆಲ್ಲುತ್ತಾರೆ. ಕ್ರಾಸ್ ಕಂಟ್ರಿಯಲ್ಲಿ ಒಂದು ದಿಮ್ಮಿಯನ್ನೂ ತಪ್ಪಿಸಲಿಲ್ಲ, ಆದರೆ ಹೊತ್ತಿಗಿಂತ 28 ಸೆಕೆಂಡು ತಡವಾಯಿತು. ಸೆಕೆಂಡಿಗೆ 0.4ರಂತೆ 11.20. ಮಾರನೇ ದಿನ ಕಂಬ ಬಿದ್ದರೆ ಒಂದಕ್ಕೆ ನಾಲ್ಕು. ಕೊನೆಗೆ 23ನೇ ಸ್ಥಾನ. ಪೇಪರಿನಲ್ಲಿ ಪದಕ ಇಲ್ಲ ಅಂತ ನಾಲ್ಕು ಸಾಲು ಬಂತು. ಎರಡು ದಶಕದ ಮೇಲೆ ಒಬ್ಬ ಭಾರತೀಯ ಈ ಆಟದಲ್ಲಿ ಒಲಿಂಪಿಕ್ಸ್‌ಗೆ ಹೋಗಿ ಫೈನಲ್‌ವರೆಗೆ ಓಡಿಸಿದ್ದಾನೆ ಅಂತ ಅಪ್ಪನಿಗೆ ವಿವರಿಸಿದೆ. ಅಪ್ಪ ಕಾಫಿ ಕುಡಿದು "28 ಸೆಕೆಂಡಾ" ಅಂತ ಮಾತ್ರ ಕೇಳಿದರು. ಆ ತಿಂಗಳೇ ಹೊರಟೆ.

ಹೋಗುವ ದಾರಿ ಹೇಳುತ್ತೇನೆ, ಏಕೆಂದರೆ ಇದರಲ್ಲೇ ಜನ ಮೋಸ ಹೋಗುವುದು. ನನ್ನಿಂದಲೂ ಒಬ್ಬ ಏಜೆಂಟ್ ದುಡ್ಡು ತಿಂದ. ಟೂರಿಸ್ಟ್ ವೀಸಾ ಮಾಡಿಸ್ತೀನಿ, ಲಾಯದಲ್ಲಿ ಇರು, ಆಮೇಲೆ ನೋಡಿಕೊಳ್ಳೋಣ ಅಂದಿದ್ದ. ಆ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಕೆಲಸ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ಮುಂದಿನ ವೀಸಾಕ್ಕೂ ಕುತ್ತು. ನೆಟ್ಟಗಿನ ದಾರಿ ಒಂದಿದೆ. ಜರ್ಮನಿಯಲ್ಲಿ ಕುದುರೆ ಕೆಲಸ ಒಂದು ಕಲಿತ ಕಸುಬು, ಬಡಗಿ, ಎಲೆಕ್ಟ್ರಿಷಿಯನ್ ಇದ್ದ ಹಾಗೆ. ಮೂರು ವರ್ಷದ ತರಬೇತಿ. ಲಾಯದಲ್ಲಿ ಕೆಲಸ, ನಡುನಡುವೆ ಕಸುಬಿನ ಶಾಲೆ, ತಿಂಗಳಿಗೆ ಸಣ್ಣ ಸಂಬಳ, ಕೊನೆಗೆ ಪರೀಕ್ಷೆ. ಕಲಿತವರನ್ನು ಪ್ಫೆರ್ಡೆವಿರ್ಟ್ ಅನ್ನುತ್ತಾರೆ. ಅದಕ್ಕೆ ಜರ್ಮನ್ ಭಾಷೆ ಬೇಕು. ನಾನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ1 ಅನ್ನುವ ಭಾಷಾ ಮಟ್ಟ ಮುಗಿಸಿಕೊಂಡು ಹೋದೆ. ಅಷ್ಟಾದರೂ ಈವೆಂಟಿಂಗ್‌ಗೆ ಅವರಿಡುವ ಹೆಸರು, ಫೀಲ್‌ಜೈಟಿಖ್‌ಕೈಟ್, ಬಾಯಿಗೆ ಬರಲು ಆರು ತಿಂಗಳು ಹಿಡಿಯಿತು. ಎಲ್ಲದರಲ್ಲೂ ಕೈ ಪಳಗಿದ್ದು ಅಂತ ಅರ್ಥ.

ಅಮ್ಮ ಒಂದು ಚಳ್ಳಕೆರೆ ಕಂಬಳಿ ಕಟ್ಟಿಕೊಟ್ಟಿದ್ದಳು, ಜೊತೆಗೆ ಐದು ಸೇರು ಮಂಡಕ್ಕಿ. ಮಂಡಕ್ಕಿ ಡಬ್ಬ ನೋಡಿದ ನಮ್ಮ ಲಾಯದ ಯಜಮಾನ ಒಂದು ಹಿಡಿ ತೆಗೆದು ಮೂಸಿ, ಇದು ಯಾವ ಕುದುರೆ ಮೇವು ಅಂತ ಕೇಳಿದ. ನಕ್ಕೆ. ಅಳುವೂ ಬಂತು. ಕಂಬಳಿ ವಿಷಯ ಇನ್ನೂ ತಮಾಷೆ. ಅಲ್ಲಿ ಒಂದೊಂದು ಕುದುರೆಗೂ ನಾಲ್ಕೈದು ಹೊದಿಕೆ. ಒಳಗೆ ತುಂಬಿದ್ದನ್ನು ಗ್ರಾಮಿನಲ್ಲಿ ಹೇಳುತ್ತಾರೆ, 50 ಗ್ರಾಂ, 200 ಗ್ರಾಂ, 300 ಗ್ರಾಂ, ಮಳೆಗೆ ಬೇರೆ, ನೊಣಕ್ಕೆ ಬೇರೆ. ಸಂಜೆ ಹವಾಮಾನ ನೋಡಿ ಯಾವುದಕ್ಕೆ ಎಷ್ಟು ಗ್ರಾಂ ಅಂತ ಬೋರ್ಡಿನಲ್ಲಿ ಬರೆದು ಹನ್ನೊಂದು ಕುದುರೆಗೂ ಬದಲಾಯಿಸಬೇಕು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ, ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಹೊರಬೇಕು. ಕುದುರೆಗೆ ಐದು ಹೊದಿಕೆ, ನನಗೆ ಒಂದೇ ಕಂಬಳಿ.

ಕಲಿತಿದ್ದು ಸಣ್ಣ ಸಣ್ಣ ವಿಷಯಗಳಲ್ಲಿ. ಒಂದನ್ನು ಹೇಳುತ್ತೇನೆ. ಕ್ರಾಸ್ ಕಂಟ್ರಿ ಓಡುವಾಗ ಹುಲ್ಲಿನಲ್ಲಿ ಜಾರದ ಹಾಗೆ ಲಾಳಕ್ಕೆ ಕಬ್ಬಿಣದ ಮೊಳೆಯಂಥದ್ದನ್ನು ತಿರುಚಿ ಹಾಕುತ್ತಾರೆ, ಸ್ಟಡ್ ಅಂತ. ಅದಕ್ಕೆ ಲಾಳದಲ್ಲಿ ಮೊದಲೇ ಮರೆ (ಸ್ಕ್ರೂ ಕೂರುವ ಥ್ರೆಡ್ಡು) ಇರುವ ತೂತು ಮಾಡಿರುತ್ತಾರೆ. ಆ ತೂತಿಗೆ ಮಣ್ಣು ಕಲ್ಲು ಹೋಗದಿರಲಿ ಅಂತ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿಟ್ಟಿರಬೇಕು. ಸ್ಪರ್ಧೆಯ ಹಿಂದಿನ ರಾತ್ರಿ ಕೂತು, ಕಾಲು ತೊಡೆಯ ಮೇಲಿಟ್ಟುಕೊಂಡು, ಹಳೇ ಹತ್ತಿ ಮೊಳೆಯಿಂದ ಕೆದಕಿ ತೆಗೆದು, ಮರೆ ಸರಿಯಾಗಿದೆಯಾ ನೋಡಿ, ಹೊಸ ಹತ್ತಿ ಹೊಸೆದು ತುಂಬಬೇಕು. ಬೆಳಿಗ್ಗೆ ತೆಗೆದು ಸ್ಟಡ್ ಹಾಕಲು ಎರಡೇ ನಿಮಿಷ. ಹತ್ತಿ ಗಿರಣಿ ಊರಿನವಳು, ಹತ್ತಿ ಹೊಸೆಯಲು ನನಗೆ ಹೇಳಿಕೊಡಬೇಕಾ ಅಂತ ಜಂಬ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಬ್ರೂನೋ ಅನ್ನುವ ಕುದುರೆಯ ಹಿಂದಿನ ಎಡಗಾಲಿನ ಒಂದು ತೂತು ಬಿಟ್ಟುಬಿಟ್ಟೆ. ಬೆಳಿಗ್ಗೆ ಅಲ್ಲಿ ಮರಳು ಗಟ್ಟಿಯಾಗಿ ಕೂತಿದೆ, ಸ್ಟಡ್ ಹತ್ತುತ್ತಿಲ್ಲ, ಕರೆದಾಯಿತು, ಹೋಗಬೇಕು. ಒಂದು ಕಡಿಮೆ ಹಾಕಿ ಕಳಿಸಿದೆ, ಯಾರಿಗೂ ಹೇಳಲಿಲ್ಲ. ನೀರಿನ ಹೊಂಡ ದಾಟಿದ ಮೇಲಿನ ತಿರುವಿನಲ್ಲಿ ಅದೇ ಕಾಲು ಜಾರಿತು. ಬೀಳಲಿಲ್ಲ, ಪುಣ್ಯ. ಮುಂದಿನ ದಿಮ್ಮಿಗೆ ನೇರ ಆಗದೆ ನಿಂತುಬಿಟ್ಟಿತು. 20 ದಂಡ. ಯಜಮಾನ ವಾಪಸ್ ಬಂದವನೇ ಇಳಿದು ಆ ಕಾಲು ಎತ್ತಿ ನೋಡಿದ, ನನ್ನ ಮುಖ ನೋಡಿದ. ಬೈಯಲಿಲ್ಲ. ಮಾರನೇ ದಿನದಿಂದ ಒಂದು ತಿಂಗಳು ಹನ್ನೊಂದು ಕುದುರೆಗಳ ಅಷ್ಟೂ ಲಾಳದ ತೂತು ದಿನಾ ಸಂಜೆ ನನ್ನ ಪಾಲಿಗೆ ಬಂತು. ಬೈದಿದ್ದರೇ ಚೆನ್ನಾಗಿತ್ತು.

ಅದೇ ಬ್ರೂನೋ ಆಮೇಲೆ ನನಗೆ ಸಿಕ್ಕಿತು. ಡ್ರೆಸಾಜ್‌ನಲ್ಲಿ ಹಟಮಾರಿ, ಯಜಮಾನನಿಗೆ ಹೊಂದಲಿಲ್ಲ. ನೀನು ಓಡಿಸಿ ನೋಡು ಅಂದ. ಒಂದೂವರೆ ವರ್ಷ ಅದರ ಜೊತೆ ಇದ್ದೆ. ಒಂದು ಸ್ಟಾರ್ ಮುಗಿಸಿದೆವು, ಎರಡು ಸ್ಟಾರ್‌ನಲ್ಲಿ ಅರ್ಹತೆಯ ಫಲಿತಾಂಶ ಬಂತು. ಮೂರಕ್ಕೆ ಹೋಗೋಣ ಅಂತ ಮಾತು ನಡೆಯುತ್ತಿತ್ತು. ಒಂದು ಶುಕ್ರವಾರ ಟ್ರಕ್ ಬಂತು, ಬ್ರೂನೋ ಮಾರಾಟವಾಗಿತ್ತು. ಯಜಮಾನನದು ತಪ್ಪು ಅನ್ನಲು ಆಗುವುದಿಲ್ಲ, ಅಲ್ಲಿ ಲಾಯಗಳು ಬದುಕುವುದೇ ಕುದುರೆ ತಯಾರು ಮಾಡಿ ಮಾರಿ. ನಾನು ಓಡಿಸಿ ಫಲಿತಾಂಶ ತಂದಿದ್ದಕ್ಕೇ ಅದರ ಬೆಲೆ ಏರಿತ್ತು. ಕುದುರೆ ಬದಲಾದರೆ ಮತ್ತೆ ಅ ಆ ಇ ಈ ಅಂದೆನಲ್ಲ, ಅದು ಇದೇ. ಹೋಗುವ ಮುಂಚೆ ಕೊನೆಯ ಸಲ ಅದರ ತೂತುಗಳಿಗೆ ಹತ್ತಿ ತುಂಬಿದೆ. ಕೊಂಡವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ತರಬೇತಿ ಪರೀಕ್ಷೆ ಪಾಸಾಗಿ, 2024ರ ಕೊನೆಗೆ ಊರಿಗೆ ಬಂದೆ.

ಹಾಗಾದರೆ ಹೋಗಬೇಡಿ ಅನ್ನುತ್ತಿದ್ದೇನಾ? ಇಲ್ಲಪ್ಪ. ಹೋಗಿ, ಆದರೆ ಕುದುರೆ ಯಾರದು ಅನ್ನುವ ಪ್ರಶ್ನೆ ಮೊದಲು ಕೇಳಿ, ಗುರು ಯಾರು ಅನ್ನುವುದನ್ನು ಆಮೇಲೆ ಕೇಳಿ. ನಾನು ಉಲ್ಟಾ ಮಾಡಿದೆ. ಅಪ್ಪ ಅಮ್ಮಂದಿರು ಹೊಲ ಮಾರಿ ಕುದುರೆ ಕೊಡಿಸಲು ಹೋಗಬೇಡಿ, ಕೈ ಮುಗಿದು ಹೇಳುತ್ತೇನೆ. ಕೊಳ್ಳುವುದು ಸಣ್ಣ ಖರ್ಚು, ಸಾಕುವುದು ದೊಡ್ಡದು. ಆರು ವಾರಕ್ಕೊಮ್ಮೆ ಲಾಳ, ಲಾಯದ ಬಾಡಿಗೆ, ವೆಟ್, ಟ್ರಕ್ಕು, ಸ್ಪರ್ಧೆಯ ಫೀಸು, ಮೇಲೆ ಕುದುರೆ ಕುಂಟಿದರೆ ಆರು ತಿಂಗಳು ಸುಮ್ನೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಒಬ್ಬ ಮನೆಯವರಿಂದ ಆಗುವ ಮಾತಲ್ಲ. ಅಲ್ಲಿಯವರೂ ಹಾಗೆ ಮಾಡುವುದಿಲ್ಲ, ನಾಲ್ಕೈದು ಜನ ಪಾಲು ಹಾಕಿ ಕುದುರೆ ಇಡುತ್ತಾರೆ, ಸವಾರ ಬೇರೆ ಇರುತ್ತಾನೆ. ನಮ್ಮಲ್ಲಿ ಚೀಟಿ ಹಾಕಿ ಮದುವೆ ಮಾಡುತ್ತೇವೆ, ಇದು ಯಾಕಾಗಬಾರದು ಅಂತ ನನಗೊಂದು ಯೋಚನೆ ಇದೆ. ಅದು ಇನ್ನೊಂದು ದಿನ.

ಹುಡುಗರಿಗೆ ಹೇಳುವುದು ಇಷ್ಟೆ. ಮೊದಲು ಎನ್‌ಸಿಸಿ, ಸೈನ್ಯ, ಪೊಲೀಸ್ ಕುದುರೆ ದಳ, ಎಲ್ಲಿ ಕುದುರೆ ಸಿಗುತ್ತದೋ ಅಲ್ಲಿ ಹತ್ತಿ. ಭಾಷೆ ಕಲಿಯಿರಿ. ಆಮೇಲೆ ಅಲ್ಲಿ ಒಂದು ಚಳಿಗಾಲ ಬರೀ ಕೈಯಾಳಾಗಿ ಇದ್ದು ನೋಡಿ. ಬೇಸಿಗೆಯಲ್ಲಿ ಹೋದರೆ ಎಲ್ಲ ಚಂದ ಕಾಣುತ್ತದೆ. ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಹೆಪ್ಪುಗಟ್ಟಿದ ಲದ್ದಿ ಕೆರೆದ ಮೇಲೂ ಕುದುರೆ ಮೇಲೆ ಹತ್ತಬೇಕು ಅನ್ನಿಸಿದರೆ, ಆಗ ಮನೆಗೆ ಫೋನ್ ಮಾಡಿ ದುಡ್ಡಿನ ಮಾತಾಡಿ.

ಕೊನೆಯಲ್ಲಿ ಪ್ರಶ್ನೆ ಕೇಳಲು ಬಿಟ್ಟಾಗ ಒಂದು ಹುಡುಗ ಮತ್ತೆ ಹೋಗ್ತೀರಾ ಮೇಡಂ ಅಂತ ಕೇಳಿದ. ಹೋಗುತ್ತೇನೆ, ಮುಂದಿನ ಮಾರ್ಚ್‌ಗೆ. ಬೆಂಗಳೂರಿನ ಮೂವರು ಸೇರಿ ಒಂದು ಎಳೇ ಕುದುರೆಯಲ್ಲಿ ಪಾಲು ತಗೊಂಡಿದ್ದಾರೆ. ಈ ಸಲ ಮಾರುವ ಮುಂಚೆ ನನ್ನನ್ನು ಕೇಳಬೇಕು ಅಂತ ಕಾಗದದಲ್ಲಿ ಬರೆಸಿಕೊಂಡಿದ್ದೇನೆ, ಅಪ್ಪನೇ ಓದಿ ತಿದ್ದಿದ್ದು.

ಆಮೇಲೆ ಎರಡನೇ ಸಾಲಿನಲ್ಲಿದ್ದ ಒಬ್ಬ ಅಜ್ಜ ಎದ್ದು ನಿಂತರು. ಬಿಳಿ ಟೋಪಿ, ಕೈಯಲ್ಲಿ ಕೊಡೆ. ಮೈಕು ಬೇಡ ಅಂದರು.

"ನಿಮ್ಮಜ್ಜನ ಜೋಡಿ ಸ್ಟೇಷನ್ನಾಗೆ ನಾನೂ ಜಟಕಾ ಹೊಡದೀನವ್ವಾ. ಒಂದು ಕೇಳ್ತೀನಿ. ಅಲ್ಲಿ ಕುದ್ರಿಗೆ ಹುರುಳಿ ಹಾಕ್ತಾರೇನು?"

ಇಲ್ಲ ತಾತಾ, ಓಟ್ಸ್ ಹಾಕುತ್ತಾರೆ ಅಂದೆ. ಅದು ಹೇಗಿರುತ್ತದೆ ಅಂತ ಕೇಳಿದರು. ಜವೆಗೋಧಿ ತರಹ, ಇನ್ನೂ ಹಗುರ, ಸಿಪ್ಪೆ ಜಾಸ್ತಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅದ್ಕೇ ಜಾರ್‍ಯಾವ ನೋಡು" ಅಂತ ಹೇಳಿ ಕೂತರು.